ಅವ್ವ ಒಂದೇ ದಿನ ಕಂಡ ಕಡಲು

ಆಗೆಲ್ಲ ನಮ್ಮ ಕಡೆಯವರು ಊರು ಬಿಟ್ಟು ಹೊರಗೆ ಹೋಗಬೇಕೆಂದರೆ ಇಬ್ಬರ ಅಪ್ಪಣೆ ಬೇಕಿತ್ತು. ಒಂದು ದೇವರದು, ಇನ್ನೊಂದು ಹಸುವಿನದು. ದೇವರು ಹೇಗೋ ಒಪ್ಪುತ್ತಿದ್ದ. ಹರಕೆ ಬಾಕಿ ಇದೆ ಅಂದರೆ ಯಾವ ಮನೆಯಲ್ಲೂ ಎದುರು ಮಾತಿರಲಿಲ್ಲ. ಹಸು ಮಾತ್ರ ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂರಲೇಬೇಕು, ಕರೆದ ಹಾಲನ್ನು ಹೊತ್ತಿಗೆ ಸರಿಯಾಗಿ ಡೈರಿಗೆ ಹಾಕಲೇಬೇಕು. ಮದ್ದೂರು ತಾಲ್ಲೂಕಿನ ಕೊಪ್ಪದ ಆಸುಪಾಸಿನಲ್ಲಿ ಬೆಳೆದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆ ಪಕ್ಕದ ಗದ್ದೆಯಲ್ಲಿ ಭತ್ತ, ಕಬ್ಬು ಏನೇ ಬೆಳೆದರೂ ಮನೆಯ ದಿನದಿನದ ಬದುಕು ನಡೆಯುತ್ತಿದ್ದುದು ಕೊಟ್ಟಿಗೆಯಿಂದ. ಆ ಕೊಟ್ಟಿಗೆ ನಡೆಯುತ್ತಿದ್ದುದು ಹೆಂಗಸರಿಂದ.

ನಮ್ಮ ಮನೆಯ ಹಸುವಿನ ಹೆಸರು ಚುಕ್ಕಿ. ಕರೀ ಮೈಯ ಸೀಮೆ ಹಸು, ಹಣೆಯ ಮೇಲೊಂದು ಬಿಳಿ ಬೊಟ್ಟು. ಹಾಲು ಧಾರಾಳ, ಜೊತೆಗೆ ಸೊಕ್ಕೂ ಧಾರಾಳ. ಅವ್ವ ಹೋಗಿ ಕೆಚ್ಚಲು ನೀವಿದರೆ ಮಾತ್ರ ಸೊರೆ ಬಿಡುತ್ತಿತ್ತು. ಸೊರೆ ಬಿಡುವುದೆಂದರೆ, ತಡೆದಿಟ್ಟುಕೊಂಡ ಹಾಲನ್ನು ಹಸು ತಾನಾಗಿ ಮನಸ್ಸು ಮಾಡಿ ಕೆಚ್ಚಲಿಗೆ ಇಳಿಸುವುದು. ಬೇರೆ ಯಾರು ಕೂತರೂ ಅದು ಉಸಿರು ಬಿಗಿಹಿಡಿದು ಗೋಡೆಯ ಹಾಗೆ ನಿಲ್ಲುತ್ತಿತ್ತು. ಒಂದು ಸಲ ಅವ್ವನಿಗೆ ಜ್ವರ ಬಂದಾಗ ಅಪ್ಪ ಬಕೆಟ್ಟು ಹಿಡಿದು ಕೂತ. ಬಕೆಟ್ಟು ಒಂದು ಕಡೆ, ಅಪ್ಪ ಒಂದು ಕಡೆ ಬಿದ್ದರು. ಅವ್ವ ಕಂಬಳಿ ಹೊದ್ದುಕೊಂಡೇ ಎದ್ದು ಬಂದು ಹಾಲು ಕರೆದಳು.

ಅವ್ವನ ತವರು ಮಳವಳ್ಳಿ ಕಡೆ, ಬಂಡೂರಿನ ಪಕ್ಕದ ಹಳ್ಳಿ. ಮದುವೆಗೆ ಮುಂಚೆ ಕುರಿಮಂದೆಯ ಹಿಂದೆ ಓಡಾಡಿಕೊಂಡು ಬೆಳೆದವಳು. ಅವಳು ಕಂಡಿದ್ದ ದೊಡ್ಡ ನೀರು ಅಂದರೆ ಮಳೆಗಾಲದ ಗಗನಚುಕ್ಕಿ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ಕರೀ ಹಲಗೆಯ ಮೇಲೆ ಬರೀ ಒಂದು ಅಡ್ಡಗೆರೆ ಎಳೆದು, "ಇದೇ ಸಮುದ್ರ. ಈ ಕಡೆ ದಡ ಅದೆ, ಆ ಕಡೆ ಇಲ್ಲ" ಅಂದಿದ್ದರಂತೆ. ಅದಾದ ಮೇಲೆ ಅವ್ವ ಹೆಚ್ಚು ದಿನ ಶಾಲೆಗೆ ಹೋಗಲಿಲ್ಲ. ಆ ಗೆರೆ ಮಾತ್ರ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ನನ್ನ ಜಡೆ ಹೆಣೆಯುವಾಗ ಒಮ್ಮೊಮ್ಮೆ ಕೈ ನಿಲ್ಲಿಸಿ ಕೇಳುತ್ತಿದ್ದಳು.

"ಆಚೆ ದಡ ಇಲ್ದೆ ನೀರು ಎಂಗೆ ನಿಂತ್ಕಂತದೆ ಅಂತೀಯಾ?"

"ನಂಗೇನು ಗೊತ್ತವ್ವ? ಜಡೆ ಆಕು, ಗಂಟೆ ಒಡೀತದೆ."

"ಒಂದ್ಸಲ ನೋಡ್ಬೇಕು ಕಣೆ," ಅನ್ನುತ್ತಾ ಮತ್ತೆ ಹೆಣೆಯುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ದೇವರ ಅಪ್ಪಣೆ ಸಿಕ್ಕಿತು. ಹಿಂದೊಮ್ಮೆ ಅಪ್ಪ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಅಜ್ಜಿ, ಅಂದರೆ ಅಪ್ಪನ ಅವ್ವ, ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಳು. ಕಾಲು ಕೂಡಿತು, ಹರಕೆ ಹಾಗೇ ಉಳಿದಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಪ್ಪನ ಜೊತೆ ಓದಿದ್ದ ಶಿವಲಿಂಗಣ್ಣ ನಮ್ಮ ಜಗಲಿಗೆ ಬಂದ. ಮದ್ದೂರಿನಲ್ಲಿ ಬಾಡಿಗೆಗೆ ಅಂಬಾಸಿಡರ್ ಕಾರು ಓಡಿಸುತ್ತಿದ್ದ ಮನುಷ್ಯ.

"ನಾನೇ ಕರ್ಕಂಡೋಯ್ತೀನಿ ನಡೀಲಾ. ದರ್ಮಸ್ಥಳದಿಂದ ಸ್ವಲ್ಪ ಮುಂದುಕ್ಕೋದ್ರೆ ಕಡಲು. ನಂಗೊತ್ತಿರೋ ಒಂದೂರದೆ, ಒಂದು ಕಾಗೆ ಕೂಗುದ್ರೂ ಕೇಳ್ತದೆ, ಅಂತಾ ನಿಶ್ಶಬ್ದ. ಅಲ್ಲಿ ನಾಕು ದಿನ ಇದ್ದು ಬರಾನ."

"ಕಡಲು ನೋಡ್ಕಂಡು ನಾವೇನ್ಲಾ ಮಾಡಾನ? ಗದ್ದೆಗೆ ಬುಟ್ಕಳಾಕಾಯ್ತದಾ?" ಅಂದ ಅಪ್ಪ.

ಒಳಬಾಗಿಲಲ್ಲಿ ಅವ್ವ ಕೈಯಲ್ಲಿದ್ದ ಕಾಫಿ ಲೋಟ ಕೊಡುವುದನ್ನೂ ಮರೆತು ನಿಂತಿದ್ದಳು. ಅಜ್ಜಿ ಅದನ್ನು ನೋಡಿದಳು. "ಓಗಾನ ಬುಡ್ಲಾ. ನಾನೂ ಸಾಯೋಕ್ಮುಂಚೆ ಆ ಉಪ್ಪುನೀರು ಕಂಡೋಯ್ತೀನಿ," ಅಂದಳು. ಅಲ್ಲಿಗೆ ತೀರ್ಮಾನವಾಯಿತು.

ಉಳಿದದ್ದು ಹಸುವಿನ ಅಪ್ಪಣೆ. ಮಾರನೇ ದಿನವೇ ಅವ್ವ ಪಕ್ಕದ ಮನೆಯ ಸಣ್ಣತಾಯಮ್ಮನನ್ನು ಕರೆತಂದಳು. ಹೆಸರಿಗೆ ಸಣ್ಣತಾಯಮ್ಮ, ಆಳು ಬಾಗಿಲ ತುಂಬ ಇದ್ದಳು. ನಮ್ಮ ಕಡೆ ಹಸು ಬೇರೆಯವರಿಗೆ ಒಗ್ಗದಿದ್ದರೆ ಕರೆಯುವವಳ ಹಳೇ ಸೀರೆಯನ್ನು ಉಟ್ಟು ಕೂರುವುದುಂಟು. ವಾಸನೆ ಹಿಡಿದು, ಬಣ್ಣ ನೋಡಿ, ಹಸು ತನ್ನವಳೇ ಅಂದುಕೊಳ್ಳುತ್ತದೆ. ಅವ್ವ ಕೊಟ್ಟಿಗೆಗೆಂದೇ ಇಟ್ಟಿದ್ದ ಹಸಿರು ಸೀರೆಯನ್ನು ತಂದುಕೊಟ್ಟಳು.

"ಒಗೀಬ್ಯಾಡ ಕಣಕ್ಕ, ವಾಸ್ನೆ ಅಂಗೇ ಇರ್ಲಿ."

"ನಿನ್ ಗಂಜಲದ ಸೀರೆ ಉಟ್ಕಂಡು ನಾನು ಬೀದೀಲಿ ಓದ್ರೆ ಜನ ಏನಂದಾರು?"

"ಬೀದೀಗ್ಯಾಕೋಗ್ತೀಯಾ, ಕೊಟ್ಟಿಗೇಲಿ ಉಟ್ಕಂಡು ಕೊಟ್ಟಿಗೇಲೇ ಬಿಚ್ಚು."

"ಅದೂ ಸರಿ, ನೋಡೋರು ಯಾರು, ನಿನ್ ಗಂಡ ಒಬ್ಬ!" ಎಂದು ಸಣ್ಣತಾಯಮ್ಮ ನಕ್ಕಾಗ ಅಪ್ಪ ಹಗ್ಗ ಹುಡುಕುವ ನೆಪದಲ್ಲಿ ಹಿತ್ತಲಿಗೆ ಹೋದ.

ಸೀರೆ ಅವಳ ಸುತ್ತಳತೆಗೆ ಸಾಲದೆ ನೆರಿಗೆಯೇ ಕೂರಲಿಲ್ಲ. ಹೇಗೋ ಸುತ್ತಿಕೊಂಡು ಕೂತಳು. ಚುಕ್ಕಿ ಕುತ್ತಿಗೆ ತಿರುಗಿಸಿ ಸೆರಗು ಮೂಸಿತು. ಕಿವಿ ಅಲ್ಲಾಡಿಸಿತು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಆಮೇಲೆ ಬಕೆಟ್ಟಿನ ತಳಕ್ಕೆ ಚೊರ್ ಎಂದು ಹಾಲು ಬಿದ್ದ ಸದ್ದು ಕೇಳಿತು. ಅವ್ವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಜ್ಜಿ ಕೋಲೂರಿ ನಿಂತಲ್ಲಿಂದಲೇ, "ಹಸ ಮೋಸ ಓದ್ರೆ ಏನ್ ಬಂತು, ನನ್ ಮಗ್ನೂ ಸೀರೆ ನೋಡ್ಕಂಡೇ ಎಡ್ತಿ ಗುರ್ತು ಇಡಿಯಾದು," ಅಂದಳು. ಹೊರಡುವ ದಿನದವರೆಗೂ ಸಂಜೆಸಂಜೆ ಈ ನಾಟಕ ನಡೆಯಿತು. ಚುಕ್ಕಿ ಪೂರಾ ಒಗ್ಗಿತು.

ಹೊರಟ ಬೆಳಿಗ್ಗೆ ಚಳಿಯಿತ್ತು. ಊರ ಹೊರಗಿನ ಆಲೆಮನೆಯಿಂದ ಬೆಲ್ಲದ ಹೊಗೆ ರಸ್ತೆಗೆ ಅಡ್ಡವಾಗಿ ಮಲಗಿತ್ತು. ಕಾರಿನ ಡಿಕ್ಕಿಯಲ್ಲಿ ರಾಗಿ ಹಿಟ್ಟು, ಅವರೆಕಾಳು, ಸೀಮೆಎಣ್ಣೆ ಸ್ಟವ್ವು, ಮುದ್ದೆ ಕೋಲು. ಪರ ಊರಿಗೆ ಹೋದರೂ ಮುದ್ದೆ ಬಿಡುವ ಜನವಲ್ಲ ನಾವು. ಮದ್ದೂರಿನಲ್ಲಿ ಶಿವಲಿಂಗಣ್ಣ ಪೇಪರಿನಲ್ಲಿ ಸುತ್ತಿಸಿದ ವಡೆ ತಂದ. ನಾಗಮಂಗಲ, ಹಾಸನ ದಾಟಿ ಘಟ್ಟ ಇಳಿಯುವಾಗ ತಿಂದ ವಡೆಯೆಲ್ಲ ಕಿಟಕಿಯಿಂದಾಚೆ ಹೋಯಿತು, ನನ್ನದು ಮೊದಲು, ಅಜ್ಜಿಯದು ಆಮೇಲೆ. ಅವ್ವ ಒಬ್ಬಳು ಗಾಜಿಗೆ ಹಣೆ ಹಚ್ಚಿ ಆ ಕಾಡನ್ನೆಲ್ಲ ನೋಡುತ್ತಲೇ ಇದ್ದಳು. ಧರ್ಮಸ್ಥಳದಲ್ಲಿ ಹರಕೆ ತೀರಿತು. ದೇವಸ್ಥಾನದಿಂದ ಹೊರಬಂದ ಅಜ್ಜಿ ಆಣತಿ ಹೊರಡಿಸಿದಳು. "ಊರಿಗೋಗಿ ಪರ್ಸಾದ ಅಂಚೋ ಗಂಟ ಯಾರೂ ಮೀನು ಮುಟ್ಟಂಗಿಲ್ಲ. ಏಳಿವ್ನಿ." ಅಪ್ಪನ ಮುಖ ಸಪ್ಪಗಾಯಿತು.

ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಎಲ್ಲಿಗಾದರೂ ಹೋಗಿ ಸುಮ್ಮನೆ ಕೂತು ಬರೋಣ ಅನ್ನುವವರು ಈಗ ಎಲ್ಲೆಲ್ಲೂ ಇದ್ದಾರೆ. ಎಲ್ಲರೂ ಒಟ್ಟಿಗೆ ಸುಮ್ಮನೆ ಕೂರಲು ಹೋದರೆ ಏನಾಗುತ್ತದೆಂದು ಮುಂದೆ ಹೇಳುತ್ತೇನೆ. ಆಗ ಅದು ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಮೇಲೆ ಒಂದು ಸಾಲು ಹಂಚಿನ ಮನೆ. ಮನೆ ಮುಂದೆ ಹರಡಿದ ಬಲೆ, ಬಲೆಯ ಮೇಲೆ ಮಲಗಿದ ಬೆಕ್ಕು. ಒಣಮೀನಿನ ವಾಸನೆ, ಅದರ ಜೊತೆ ಎಲ್ಲಿಂದಲೋ ಸುರಗಿ ಹೂವಿನ ವಾಸನೆ. ದಿನಕ್ಕೆ ಬೆರಳೆಣಿಕೆಯ ಬಸ್ಸು. ಬಸ್ಸು ನಿಲ್ಲುವಲ್ಲಿ ಒಂದು ಅಂಗಡಿ, ಅಂಗಡಿಗೆ ಅಂಟಿಕೊಂಡ ಒಂದು ಎಸ್.ಟಿ.ಡಿ. ಬೂತು. ಶಿವಲಿಂಗಣ್ಣನ ಪರಿಚಯದ ಜಲಜಕ್ಕ ಎಂಬ ಹೆಂಗಸು ತನ್ನ ಮನೆಯ ಚಾವಡಿಯನ್ನು ನಮಗೆ ಬಿಟ್ಟುಕೊಟ್ಟಳು.

ನಾವು ಹೋಗಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅವ್ವ ಸಾಮಾನು ಇಳಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಗಂಟುಮೂಟೆ ಬಿಟ್ಟು, ನನ್ನ ಕೈ ಹಿಡಿದು, ತೆಂಗಿನ ಮರಗಳ ನಡುವೆ ನಡೆದುಬಿಟ್ಟಳು. ಮರ ಮುಗಿದವು. ಎದುರಿಗೆ ಅದು ಇತ್ತು. ಅವ್ವ ನಿಂತಳು. ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಕತ್ತು ತಿರುಗಿಸಿ ನೋಡಿದಳು, ಸಂತೆಯಲ್ಲಿ ಕುರಿ ನೋಡುವವರ ಹಾಗೆ.

"ಇಲ್ಲ ಕಣೆ. ದಿಟವಾಗ್ಲೂ ಇಲ್ಲ. ಆಚೆ ದಡನೇ ಇಲ್ಲ," ಅಂದಳು.

ಆಮೇಲೆ ಅಂಚಿಗೆ ಹೋಗಿ ನಿಂತಳು. ಒಂದು ಅಲೆ ಬಂದು ಕಾಲು ತೋಯಿಸಿ ಹಿಂದೆ ಸರಿಯಿತು. ಅಡಿಯ ಮರಳು ಜಾರಿತು. "ಅಯ್ಯೋ, ನೆಲ ಓಡೋಯ್ತಾ ಅದೆ ಕಣೆ ಕೂಸೇ!" ಎಂದು ನನ್ನ ತೋಳನ್ನು ನೋಯುವಂತೆ ಹಿಡಿದು ಕೂಗಿದಳು, ಕೂಗುತ್ತಲೇ ನಗಲು ಶುರುಮಾಡಿದಳು. ನಮ್ಮೂರಲ್ಲಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಅಜ್ಜಿ ಇದ್ದಾಳೆ, ಭಾವಂದಿರಿದ್ದಾರೆ ಎಂದು. ಇಲ್ಲಿ ಬಾಯಿ ತುಂಬ ನಕ್ಕಳು. ಅವಳಿಗೆ ಒಂದು ಕಡೆ ಕೋರೆಹಲ್ಲು ಸ್ವಲ್ಪ ಮೇಲೆ ಇತ್ತು ಎನ್ನುವುದು ನನಗೆ ಗೊತ್ತಾದದ್ದು ಅವತ್ತೇ.

ಹಿಂದೆಯೇ ಬಂದ ಜಲಜಕ್ಕನನ್ನು ಅವ್ವ ಕೇಳಿದಳು. "ನಮ್ ಕಾವೇರಿ ಇಲ್ಲಿಗೇ ಬತ್ತದಾ ಅಕ್ಕ?"

"ಇಲ್ಲ ಮರಾಯ್ತಿ. ಅದ್ ಆಚಿ ಬದಿ ಕಡ್ಲಿಗೆ ಹೋಪುದ್ ಅಂಬ್ರ್."

"ಅಂಗಾದ್ರೆ ಇದ್ಯಾರೂರ ನೀರು?"

ಜಲಜಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರಿಬ್ಬರ ಸ್ನೇಹ ಅಲ್ಲಿಗೆ ಕುದುರಿತು.

ರಾತ್ರಿಯ ಅಡುಗೆಗೆ ಅಜ್ಜಿ ಒಂದು ಉಪಾಯ ಹೇಳಿದಳು. "ಉಪ್ಪು ಯಾಕೆ ಖರ್ಚು ಮಾಡೀಯಾ? ಆ ನೀರಲ್ಲೇ ಉಪ್ಪದಲ್ಲ, ಒಂದು ಕೊಡ ತಕಂಬಾ. ಎಸರಿಗೂ ಆಯ್ತದೆ, ಸಾರಿಗೂ ಆಯ್ತದೆ." ಅಪ್ಪನಿಗೂ ಅದು ಬಹಳ ಜಾಣತನದ ಮಾತಾಗಿ ಕಂಡಿತು. ತಾನೇ ಕೊಡ ಹೊತ್ತು ತಂದ. ಅವ್ವ ಕಡಲ ನೀರಲ್ಲಿ ಮುದ್ದೆ ಕಟ್ಟಿದಳು, ಅವರೆಕಾಳಿನ ಸಾರೂ ಅದರಲ್ಲೇ. ಮೊದಲ ತುತ್ತು ಅಪ್ಪನದು. ನುಂಗಲಾರದೆ, ಉಗುಳಲಾರದೆ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತ.

"ಏನ್ಲಾ, ಚೆನ್ನಾಗದಾ?" ಅಂದಳು ಅಜ್ಜಿ.

"ನೀನೇ ತಿನ್ನವ್ವ, ನಿನ್ ಹರಕೇದು."

ಜಲಜಕ್ಕ ಬಂದು ನೋಡಿ, "ಎಂತ ಮರಾಯ್ರೆ, ಕಡ್ಲ್ ನೀರಲ್ ಯಾರಾರೂ ಅಡ್ಗಿ ಮಾಡ್ತ್ರಾ?" ಎಂದು ಗೋಡೆ ಹಿಡಿದುಕೊಂಡು ನಕ್ಕಳು. ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ತಂದು ಬಡಿಸಿದಳು. ಆ ಬಿಸಿ ಕುಚ್ಚಲು ಗಂಜಿಯ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ.

ಮಾರನೇ ಬೆಳಿಗ್ಗೆ ಅವ್ವ ಎಂದಿನ ಹಾಗೆ ಕತ್ತಲಲ್ಲೇ ಎದ್ದು ಕೂತಳು. ಕರೆಯಲು ಹಸು ಇಲ್ಲ, ಬಾಚಲು ಸಗಣಿ ಇಲ್ಲ, ಡೈರಿ ಇಲ್ಲ. ಸ್ವಲ್ಪ ಹೊತ್ತು ಕೈ ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಆಮೇಲೆ ತಲೆಗೆ ನೀರು ಹಾಕಿಕೊಂಡು, ಕೂದಲು ಹರವಿಕೊಂಡು, ಬಿಸಿಲಿಗೆ ಬಂದು ಕೂತಳು. ಹೆಂಗಸರು ಹೊಳೆಯಿಂದ ಆರಿಸಿ ತಂದ ಚಿಪ್ಪುಮೀನಿನ ರಾಶಿ ಮುಂದೆ ಹಾಕಿಕೊಂಡು ಬಿಡಿಸುತ್ತಿದ್ದರು. ಅವ್ವ ಅವರ ನಡುವೆ ಸೇರಿಕೊಂಡಳು. ತಿನ್ನುವುದಕ್ಕೆ ತಾನೇ ಅಜ್ಜಿಯ ನಿಷೇಧ, ಬಿಡಿಸುವುದಕ್ಕಲ್ಲವಲ್ಲ! ಅವರ ಮಾತು ಇವಳಿಗೆ ಅರ್ಧ ಅರ್ಥವಾಗದು, ಇವಳದು ಅವರಿಗೆ ಅರ್ಧ ಅರ್ಥವಾಗದು. ಆದರೂ ಮಾತು ನಿಲ್ಲಲಿಲ್ಲ. ಮಧ್ಯಾಹ್ನ ನಾನೂ ಅವಳೂ ಮರಳಲ್ಲಿ ಏಡಿ ಅಟ್ಟಿಸಿಕೊಂಡು ಓಡಿದೆವು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನನ್ನವ್ವ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ನನಗಿಂತ ಜೋರು ಓಡುತ್ತಿದ್ದಳು. ಕುರಿ ಹಿಂದೆ ಓಡಿದ ಕಾಲುಗಳು.

ಹೊಳೆ ಕಡಲನ್ನು ಸೇರುವಲ್ಲಿ, ಆಚೆ ಕಡೆಗೆ, ಒಂದು ಉದ್ದನೆಯ ಮರಳ ದಿಬ್ಬ ಕಾಣುತ್ತಿತ್ತು. ಅದರ ಒಂದು ಮಗ್ಗುಲಿಗೆ ಹೊಳೆ ನೀರು, ಇನ್ನೊಂದು ಮಗ್ಗುಲಿಗೆ ಕಡಲು. ದೋಣಿಯಲ್ಲಿ ಹೋಗಬೇಕು. "ನಾಳೆ ಬೆಳಿಗ್ಗೆ ನಮ್ ಭಾವ ಕರ್ಕಂಡ್ ಹೋತ್ರ್. ತುದಿಯಲ್ ನಿಂತ್ರೆ ಒಂದ್ ಕಾಲ್ ಸೀನೀರಲ್, ಇನ್ನೊಂದ್ ಕಾಲ್ ಉಪ್ನೀರಲ್," ಎಂದಳು ಜಲಜಕ್ಕ.

ಅದನ್ನು ಕೇಳಿದ್ದೇ ಅವ್ವ ಅಪ್ಪನನ್ನು ಹುಡುಕಿಕೊಂಡು ಹೋದಳು. ತನಗಾಗಿ ಏನನ್ನೂ ಬಾಯಿ ಬಿಟ್ಟು ಕೇಳಿದವಳಲ್ಲ ಅವಳು. ಅವತ್ತು ಕೇಳಿದಳು. "ನಾಳೆ ಆ ದಿಬ್ಬುಕ್ಕೋಗಾನ. ಅಲ್ಲಿ ನಿಂತ್ಕಬೇಕು ಅನ್ಸದೆ. ಅದೊಂದು ನೋಡ್ಬುಟ್ರೆ ಸಾಕು ನಂಗೆ."

ಅಪ್ಪ ತೆಂಗಿನ ಬುಡದಲ್ಲಿ ಕಡಲಿಗೆ ಬೆನ್ನು ಹಾಕಿ ಕೂತಿದ್ದ. ಬೆಳಿಗ್ಗೆಯಿಂದ ಅವನ ಅವಸ್ಥೆ ನೋಡಲಾಗುತ್ತಿರಲಿಲ್ಲ. ಮರಳನ್ನು ಮುಷ್ಟಿಯಲ್ಲಿ ಹಿಡಿದು, "ಇದ್ರಲ್ಲಿ ಒಂದು ಉಳ್ಳಿಕಾಳೂ ಬರಾಕಿಲ್ಲ" ಎಂದು ಚೆಲ್ಲಿದ್ದ. ಜಲಜಕ್ಕನ ಬೇಲಿ ಸೊಟ್ಟಗಿದೆಯೆಂದು ಯಾರೂ ಕೇಳದಿದ್ದರೂ ಎರಡು ಗೂಟ ನೆಟ್ಟಿದ್ದ. ಶಿವಲಿಂಗಣ್ಣ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದರೆ ಅಪ್ಪ ಅವನನ್ನು ಎಬ್ಬಿಸಿ, "ಎದ್ದೇಳ್ಲಾ, ಎಷ್ಟೊತ್ತು ಮನೀಕತೀಯಾ" ಅಂದಿದ್ದ. ಸುಮ್ಮನೆ ಇರುವುದು ಅವನಿಗೆ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವ್ವನಿಗೆ ಅದು ಅಷ್ಟು ಚೆನ್ನಾಗಿ ಬರುತ್ತಿದೆಯಲ್ಲ ಎನ್ನುವುದು ಅವನನ್ನು ಕಲಕಿತ್ತು. ಬಿಚ್ಚುಗೂದಲಲ್ಲಿ ಗಟ್ಟಿಯಾಗಿ ನಗುವ ಆ ಹೆಂಗಸನ್ನು ಅವನು ದೂರದಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಮನೆ ಗ್ಯಾನನೇ ಇಲ್ವಲ್ಲ ಇವಳ್ಗೆ," ಎಂದು ಅಜ್ಜಿಯ ಹತ್ತಿರ ಗೊಣಗಿದ.

"ಇರ್ಲಿ ಬುಡ್ಲಾ. ಮನೆ ಏನು ಎದ್ದೋಯ್ತದಾ?" ಅಂದಳು ಅಜ್ಜಿ.

ಅವ್ವನಿಗೆ ಮಾತ್ರ ಅಪ್ಪ, "ಸರಿ, ನಾಳೆ ನೋಡಾನ" ಅಂದ.

ಸಂಜೆ ಹಾಲು ಹಾಕುವ ಹೊತ್ತಿಗೆ ನಮ್ಮೂರ ಡೈರಿಗೆ ಫೋನು ಮಾಡಿದರೆ ಸಣ್ಣತಾಯಮ್ಮ ಸಿಗುತ್ತಾಳೆಂದು ಮೊದಲೇ ಮಾತಾಗಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಬೂತಿಗೆ ಹೋದ. ನನಗೆ ಪೆಪ್ಪರಮೆಂಟು ಕೊಡಿಸಿ ಹೊರಗೆ ನಿಲ್ಲಿಸಿ, ಗಾಜಿನ ಬಾಗಿಲು ಹಾಕಿಕೊಂಡ. ಮಾತು ಕೇಳುತ್ತಿರಲಿಲ್ಲ. ಆದರೆ ಅವನು ನಗುತ್ತಿದ್ದುದು ಕಾಣುತ್ತಿತ್ತು. ಸಣ್ಣತಾಯಮ್ಮ ಏನೋ ತಮಾಷೆ ಮಾಡಿರಬೇಕು. ಹೊರಗೆ ಬಂದಾಗಲೂ ಆ ನಗು ತುಟಿಯ ಮೇಲೆ ಸ್ವಲ್ಪ ಉಳಿದಿತ್ತು. ಜಲಜಕ್ಕನ ಅಂಗಳಕ್ಕೆ ಬಂದಾಗ ಅವ್ವ ದೀಪದ ಬೆಳಕಲ್ಲಿ ಯಾರದೋ ಮಗುವಿಗೆ ಕಿರುಬೆರಳು ಹಿಡಿಸಿ ಆಡಿಸುತ್ತಿದ್ದಳು.

"ಚುಕ್ಕಿ ಸೊರೆ ಬುಡ್ತಾ ಇಲ್ವಂತೆ," ಅಂದ ಅಪ್ಪ. "ಕೆಚ್ಚಲು ಕಲ್ಲಂಗಾಗದಂತೆ. ಮೇವೂ ಮುಟ್ತಿಲ್ವಂತೆ."

ಅವ್ವ ಮಗುವನ್ನು ಕೆಳಗಿಳಿಸಿದಳು. ಒಳಗೆ ಹೋಗಿ ಹಿಟ್ಟಿನ ಚೀಲದ ಬಾಯಿ ಕಟ್ಟಲು ಶುರುಮಾಡಿದಳು.

ಬೆಳಿಗ್ಗೆ ಹೊರಡುವ ಮುಂಚೆ ಜಲಜಕ್ಕ ಬಂದು ಅವ್ವನ ಕೈ ಹಿಡಿದಳು. "ದೋಣಿ ನೀರಿಗೆ ಹಾಕಿತ್ ಮರಾಯ್ತಿ. ಹೋಯಿ ಬಪ್ಪುಕೆ ಎಷ್ಟ್ ಹೊತ್ತ್?"

"ಬ್ಯಾಡ ಕಣಕ್ಕ. ಮೂಕಪ್ರಾಣಿ, ಹಾಲು ಕಟ್ಕಂಡ್ರೆ ನರಳ್ತದೆ. ಬಾಯ್ಬುಟ್ಟು ಏಳಾಕಾಯ್ತದಾ ಅದ್ಕೆ? ಇನ್ನೊಂದ್ಸಲ ಬತ್ತೀನಿ," ಅಂದಳು ಅವ್ವ. ಕಾರು ತಿರುವು ತೆಗೆದುಕೊಳ್ಳುವಾಗ ತೆಂಗಿನ ಮರಗಳ ಸಂದಿಯಲ್ಲಿ ಆ ಮರಳ ದಿಬ್ಬ ಒಂದು ಕ್ಷಣ ಕಂಡಿತು. ಅವ್ವ ಕತ್ತು ಹೊರಳಿಸಿ, ಕಾಣುವಷ್ಟೂ ಹೊತ್ತು ನೋಡಿದಳು.

ದಾರಿಯುದ್ದಕ್ಕೂ ಅವಳಿಗೆ ಚುಕ್ಕಿಯದೇ ಚಿಂತೆ. "ಸ್ವಲ್ಪ ಜೋರಾಗಿ ಬುಡಿ ಅಣ್ಣ," ಎಂದು ಶಿವಲಿಂಗಣ್ಣನಿಗೆ ಹೇಳುತ್ತಲೇ ಇದ್ದಳು. ಹಾಸನದಲ್ಲಿ ಊಟಕ್ಕೆ ನಿಲ್ಲಿಸಿದರೆ ಇಳಿಯಲಿಲ್ಲ. "ಅದು ತಿಂದಿಲ್ವಂತೆ, ನಂಗ್ಯಾಕೆ" ಅಂದಳು. ಆಗ ಅಪ್ಪ ಕೈತೊಳೆಯುವ ನಲ್ಲಿಯ ಹತ್ತಿರ ಹೋದವನು ಬಹಳ ಹೊತ್ತು ಅಲ್ಲೇ ನಿಂತಿದ್ದ.

ಊರು ಮುಟ್ಟಿದಾಗ ಸಂಜೆ ಹಾಲು ಕರೆಯುವ ಹೊತ್ತು. ಅವ್ವ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಕೊಟ್ಟಿಗೆಗೆ ಓಡಿದಳು. ಹಿಂದೆಯೇ ನಾನು. ಸಣ್ಣತಾಯಮ್ಮ ಹಸಿರು ಸೀರೆ ಸುತ್ತಿಕೊಂಡು ಕೂತಿದ್ದಳು. ಮುಂದಿದ್ದ ಬಕೆಟ್ಟಿನಲ್ಲಿ ನೊರೆ ಅಂಚಿಗೆ ಬಂದಿತ್ತು. ಚುಕ್ಕಿ ಹಸಿಹುಲ್ಲು ಅಗಿಯುತ್ತಾ ನಿಂತಿತ್ತು. ನಮ್ಮನ್ನು ನೋಡಿ ಸುಮ್ಮನೆ ಬಾಲ ಬೀಸಿತು.

"ಅಯ್ಯೋ, ಇದೇನು ಇಷ್ಟು ಬಿರ್ರನೆ ಬಂದ್ಬುಟ್ರಿ?" ಎಂದು ಸಣ್ಣತಾಯಮ್ಮ ಕೂಗಿದಳು. "ನಿನ್ನೇನೇ ಫೋನಲ್ಲಿ ಏಳುದ್ನಲ್ಲ, ಇನ್ನೊಂದು ವಾರ ಇದ್ಬುಟ್ಟು ಬನ್ನಿ, ನಿಮ್ ಹಸ ನನ್ನೇ ನಿಮ್ ಎಡ್ತಿ ಅನ್ಕಂಡದೆ ಅಂತ! ನಿನ್ ಗಂಡ ಬಿದ್ದುಬಿದ್ದು ನಗ್ತಿದ್ದ. ಏಳ್ಲಿಲ್ವಾ?"

ಅವ್ವ ಚುಕ್ಕಿಯ ಬೆನ್ನ ಮೇಲೆ ಕೈ ಇಟ್ಟಳು. ಕೆಚ್ಚಲು ಮುಟ್ಟಿ ನೋಡಿದಳು, ಒಂದೊಂದೇ ಮೊಲೆಯನ್ನು. ಆಮೇಲೆ ತಿರುಗಿದಳು. ಕೊಟ್ಟಿಗೆ ಬಾಗಿಲಲ್ಲಿ ಅಪ್ಪ ಹಿಟ್ಟಿನ ಚೀಲ ಹೆಗಲ ಮೇಲೆ ಹೊತ್ತು ನಿಂತಿದ್ದ. ಇಳಿಸಬೇಕೆಂಬುದೂ ಅವನಿಗೆ ಹೊಳೆದಿರಲಿಲ್ಲ. ಅಜ್ಜಿ ಅವನ ಹಿಂದೆ ಕೋಲೂರಿಕೊಂಡು ಬಂದವಳು ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಒಳಗೆ ಹೋದಳು.

ಅವ್ವ ಅಪ್ಪನನ್ನು ನೋಡಿದ್ದು ಒಂದೇ ಗಳಿಗೆ. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಗೊತ್ತಿಲ್ಲದ ಊರಲ್ಲಿ ದಾರಿ ಕೇಳಲು ಯಾರ ಮುಖವನ್ನಾದರೂ ನೋಡುತ್ತೇವಲ್ಲ, ಹಾಗೆ ನೋಡಿದಳು. ಆಮೇಲೆ ಸಣ್ಣತಾಯಮ್ಮನಿಗೆ, "ಏಳಕ್ಕ, ಮಿಕ್ಕಿದ್ದು ನಾನೇ ಕರ್ಕತೀನಿ," ಅಂದಳು. ಕಡಲ ಮರಳಿನ್ನೂ ಅಂಟಿದ್ದ ಕಾಲಲ್ಲೇ ಕೂತು ಹಾಲು ಕರೆದಳು.

ಅಷ್ಟೇ. ಜಗಳವಾಗಲಿಲ್ಲ. ಆ ವಾರ ಅಪ್ಪ ಮದ್ದೂರಿನಿಂದ ಮಲ್ಲಿಗೆ ತಂದ. ಅವ್ವ ಮುಡಿದಳು. ಬೆಂಡು ಬತ್ತಾಸು ತಂದ, ಅವ್ವ ನಮಗೆಲ್ಲ ಹಂಚಿ ತಾನೂ ತಿಂದಳು. ಕಡಲಿನ ಮಾತು ಮಾತ್ರ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಬೀದಿಯ ಹೆಂಗಸರು, "ಎಂಗದೆ ಕಣಕ್ಕ ಸಮುದ್ರ?" ಎಂದು ಕೇಳಿದರೆ, "ನೀರದೆ, ತುಂಬ ನೀರದೆ," ಎಂದು ಹೇಳಿ ಕಸಬರಿಕೆ ಕೈಗೆ ತೆಗೆದುಕೊಳ್ಳುತ್ತಿದ್ದಳು. ನನ್ನ ಜಡೆ ಹೆಣೆಯುವಾಗ ಅವಳ ಕೈ ಆಮೇಲೆ ನಡುವೆ ನಿಲ್ಲಲಿಲ್ಲ.

ವರ್ಷಗಳು ಹೋದವು. ಅಜ್ಜಿ ತೀರಿಕೊಂಡಳು. ಚುಕ್ಕಿಗೆ ವಯಸ್ಸಾಯಿತು, ಅದರ ಮಗಳು, ಮೊಮ್ಮಗಳು ಕೊಟ್ಟಿಗೆ ತುಂಬಿದವು. ನಾನು ಓದಿ ಮಳವಳ್ಳಿಯಲ್ಲಿ ಶಾಲಾ ಮೇಡಂ ಆದೆ. ಮೊದಲ ಬೇಸಿಗೆ ರಜೆಯಲ್ಲೇ ಅವ್ವನನ್ನು ಕೇಳಿದೆ. "ಬಾವ್ವ, ನಾವಿಬ್ರೇ ಓಗಾನ. ಆ ದಿಬ್ಬುಕ್ಕೋಗಿ ನಿಂತ್ಕಂಡು ಬರಾನ."

"ಹಸ ಯಾರು ನೋಡ್ಕತಾರೆ?" ಅಂದಳು ಅವ್ವ.

ಪ್ರತಿ ವರ್ಷ ಕೇಳಿದೆ. ಪ್ರತಿ ವರ್ಷ ಅದೇ ಉತ್ತರ. ಹಾಲು ಕರೆಯುವ ಮಿಷನ್ನು ಬಂತು. ಅಪ್ಪನೇ ಅದನ್ನು ಹಾಕುವುದು ಕಲಿತ. ಆಗಲೂ, "ಹಸ ಯಾರು ನೋಡ್ಕತಾರೆ?" ಕೊನೆಗೊಂದು ಸಲ ನಾನು ರೇಗಿ, "ಅಪ್ಪ ನೋಡ್ಕತಾನೆ ಬುಡವ್ವ!" ಎಂದು ಕೂಗಿದೆ. ಅಪ್ಪ ಜಗಲಿಯಲ್ಲೇ ಇದ್ದ. "ನಾ ನೋಡ್ಕತೀನಿ, ಓಗ್ಬಾ," ಅಂದ, ನೆಲ ನೋಡಿಕೊಂಡು.

ಅವ್ವ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ಆವತ್ತು ನೋಡ್ಬೇಕು ಅನ್ನಿಸ್ತಿತ್ತು ಕಣವ್ವ," ಅಂದಳು ನನಗೆ. "ಈಗ ಅನ್ನಿಸಾಕಿಲ್ಲ. ಬಲವಂತಕ್ಕೆ ಏನು ನೋಡ್ಲಿ?"

ಅದಾದ ಮೇಲೆ ನಾನು ಕೇಳಲಿಲ್ಲ. ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಮಂಡ್ಯದ ಆಸ್ಪತ್ರೆಯಲ್ಲಿ ಅವ್ವ ಹೋಗಿಬಿಟ್ಟಳು. ಹೆಚ್ಚು ದಿನ ನರಳಲಿಲ್ಲ.

ಹೋದ ದಸರಾ ರಜೆಯಲ್ಲಿ ಜೊತೆ ಕೆಲಸ ಮಾಡುವವರು, "ಎಲ್ಲಾದರೂ ಗದ್ದಲವಿಲ್ಲದ ಜಾಗ ಇದ್ದರೆ ಹೇಳಿ ಮೇಡಂ, ಹೋಗಿ ಬರೋಣ," ಅಂದರು. ನನ್ನ ಬಾಯಿಂದ ಆ ಊರಿನ ಹೆಸರು ಬಂದುಬಿಟ್ಟಿತು. ಹೋದೆವು. ತೆಂಗಿನ ಮರಗಳಿಗೆಲ್ಲ ಬಣ್ಣದ ಬಲ್ಬು ಸುತ್ತಿದ್ದಾರೆ. ಹಂಚಿನ ಮನೆಗಳ ಸಾಲಿನಲ್ಲಿ ಈಗ ಹೋಂ ಸ್ಟೇಗಳ ಬೋರ್ಡು. ಎಲ್ಲರೂ ಕಡಲಿಗೆ ಬೆನ್ನು ಹಾಕಿಯೇ ನಿಂತಿರುತ್ತಾರೆ, ಕೈ ಚಾಚಿ ಮೊಬೈಲು ಹಿಡಿದು, ತಮ್ಮ ಮುಖವನ್ನೇ ನೋಡಿಕೊಂಡು. ಹಾಡಿನ ಗದ್ದಲದಲ್ಲಿ ಅಲೆಯ ಸದ್ದು ಕೇಳಬೇಕಾದರೆ ಊರು ದಾಟಿ ನಡೆಯಬೇಕು. ಜಲಜಕ್ಕ ಎಂದರೆ ಯಾರೆಂದು ಅಂಗಡಿಯವನಿಗೆ ಗೊತ್ತಿರಲಿಲ್ಲ. ನಾನು ಅಳಿವೆಯ ಹತ್ತಿರ ಹೋಗಿ ಒಬ್ಬ ದೋಣಿ ಹುಡುಗನನ್ನು ಕೇಳಿದೆ, ಆಚೆ ಕಡೆ ಒಂದು ಉದ್ದದ ಮರಳ ದಿಬ್ಬ ಇತ್ತಲ್ಲ ಎಂದು.

"ಅದ್ ಈಗ ಎಲ್ಲಿತ್ ಮೇಡಂ? ನಾ ಸಣ್ಣೋನಿಪ್ಪತಿಗೇ ಕಡ್ಲ್ ತಿಂದ್ಕಂಡ್ ಹೋಯ್ತ್," ಅಂದ.

ಅವನು ಕೈ ತೋರಿಸಿದ ಕಡೆ ಕರೀ ಬಂಡೆಗಳನ್ನು ಸುರಿದಿದ್ದರು. ಅದರಾಚೆ ಬರೀ ನೀರು. ಯಾವುದು ಹೊಳೆ, ಯಾವುದು ಕಡಲು, ನನಗೆ ತಿಳಿಯಲಿಲ್ಲ. ಅವ್ವ ನಿಲ್ಲಬೇಕೆಂದಿದ್ದ ನೆಲವೇ ಈಗ ಭೂಮಿಯ ಮೇಲಿಲ್ಲ. ನಮ್ಮೂರಿಂದ ಬೆಳಿಗ್ಗೆ ಹೊರಟರೆ ಈಗ ಊಟದ ಹೊತ್ತಿಗೆಲ್ಲ ಕಡಲು ಮುಟ್ಟಬಹುದು. ಕೊಪ್ಪದ ಹುಡುಗರು ಬೈಕಿನಲ್ಲಿ ಹೋಗಿ ಬರುತ್ತಾರೆ. ದೇವರ ಅಪ್ಪಣೆಯನ್ನೂ ಯಾರೂ ಕೇಳುವುದಿಲ್ಲ. ಕರೆದುಕೊಂಡು ಹೋಗೋಣವೆಂದರೆ ಅವ್ವನೇ ಇಲ್ಲ.

ವಾಪಸು ಬಂದು ಅಪ್ಪನಿಗೆ ಹೇಳಿದೆ. ಹೇಳಬಾರದೆಂದುಕೊಂಡಿದ್ದೆ, ಅವನೇ ಕೇಳಿದ. ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ಆ ಮರಳು ದಿಬ್ಬ ಅಂಗೇ ಅದಾ?"

"ಇಲ್ಲ ಅಪ್ಪ. ನೀರು ಕೊಚ್ಕಂಡೋಗದೆ."

ಅಪ್ಪ ತಲೆ ಆಡಿಸಿದ. ಬೀದಿಯಲ್ಲಿ ಯಾರೋ ಡೈರಿಗೆ ಹಾಲಿನ ಕ್ಯಾನು ಹೊತ್ತು ಹೋದರು. ಅವರು ಮೂಲೆ ತಿರುಗುವವರೆಗೂ ಅವರನ್ನೇ ನೋಡಿದ.

"ಒಂದು ಮಾತು ಬಯ್ಲಿಲ್ಲ ಕಣವ್ವ ಅವಳು," ಅಂದ. "ಆವತ್ತು ಕೊಟ್ಟಿಗೇಲಿ, ಸಣ್ಣತಾಯಿ ಮುಂದೇನೇ, ಉಗುದು ನಾಕು ಮಾತು ಬಯ್ದಿದ್ರೆ, ಮಾರ್ನೇ ದಿನನೇ ಕರ್ಕಂಡೋಗ್ತಿದ್ದೆ. ಬಯ್ಲೇ ಇಲ್ವಲ್ಲ. ಆಮ್ಯಾಕೆ ನಾನು ಯಾವ ಮುಖ ಇಟ್ಕಂಡು ಬಾ ಅಂತ ಕರೀಲಿ?"

ನನ್ನ ಬಾಯಿಗೂ ಮಾತು ಬಂತು, ಎಷ್ಟೋ ವರ್ಷದಿಂದ ಕೂಡಿಟ್ಟ ಮಾತು. ಆದರೆ ಅಪ್ಪ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಒಳಬಾಗಿಲ ಕಡೆ ಮುಖ ಮಾಡಿ, ಬಯ್ಯುವವಳು ಈಗಲಾದರೂ ಹೊರಗೆ ಬಂದಾಳೇನೋ ಎಂಬಂತೆ ಕೂತಿದ್ದ.